ನಾಮಿನಿ ಪಾರ್ಟು ಕೊಟ್ಟ ಮೇಷ್ಟ್ರು

ನನ್ನನ್ನು ‘ನಾಮಿನಿಯವ್ವ’ ಎಂದು ಕರೆಯುತ್ತಿದ್ದವರು ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಹೋದ ವಾರ ಅವರೂ ಇಲ್ಲವಾದರು. ಸುದ್ದಿ ತಿಳಿಸಲು ಫೋನ್ ಮಾಡಿದವರು ನನ್ನ ಜೊತೆಯಲ್ಲೇ ಇನ್ಶೂರೆನ್ಸ್ ಪರೀಕ್ಷೆಗೆ ಓದಿದ್ದ ರಿಟೈರ್ಡ್ ಕಂಡಕ್ಟರ್. “ಮೇಷ್ಟ್ರು ಓಗ್ಬಿಟ್ರು ಕಣಮ್ಮ. ಕಾಫಿ ಕುಡ್ದು ಜಗಲಿ ಮೇಲೆ ಕೂತಿದ್ರಂತೆ, ಅಂಗೇ...” ಎಂದವರು, ಜೀವಮಾನವೆಲ್ಲ ಬಸ್ಸಿನಲ್ಲಿ ಕೂಗಾಡಿಕೊಂಡೇ ಬದುಕಿದ ಮನುಷ್ಯ, ಅಷ್ಟಕ್ಕೇ ಫೋನ್ ಇಟ್ಟುಬಿಟ್ಟರು.

ಮೇಷ್ಟ್ರು ಎಂದರೆ ಸ್ಕೂಲಿನ ಮೇಷ್ಟ್ರಲ್ಲ. ಟಿ. ನರಸೀಪುರದ ಕಡೆಯ ಮುಡುಕುತೊರೆಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಯಾವುದಾದರೂ ಊರಿನವರು ನಾಟಕ ಆಡಬೇಕು ಎಂದುಕೊಂಡರೆ ಇವರನ್ನು ಕರೆಸುತ್ತಿದ್ದರು. ಇವರು ಹಾರ್ಮೋನಿಯಂ ಹೊತ್ತುಕೊಂಡು ಹೋಗಿ, ಆ ಊರಲ್ಲೇ ಉಂಡು, ಅಲ್ಲೇ ಮಲಗಿ, ಉಳುವವರು, ಹಾಲು ಕರೆಯುವವರು, ಟ್ರ್ಯಾಕ್ಟರ್ ಓಡಿಸುವವರ ಬಾಯಲ್ಲಿ ಕಂದಪದ್ಯ ಹಾಡಿಸಿ, ಅವರಿಗೆಲ್ಲ ಕಿರೀಟ ತೊಡಿಸಿ ಬರುತ್ತಿದ್ದರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಹೇಳಿದರೆ ಆ ಕಡೆಯವರಿಗೆ ಗೊತ್ತಾಗಿಬಿಡುತ್ತದೆ, ಗೊತ್ತಿಲ್ಲದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ನಾನು ಅವರನ್ನು ಮೊದಲು ನೋಡಿದ್ದು ನಂಜನಗೂಡಿನ ಬಜಾರಿನಲ್ಲಿ, ಒಂದು ಪೇಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಲ್ಲಿ ಇನ್ಶೂರೆನ್ಸ್ ಏಜೆಂಟ್ ಪರೀಕ್ಷೆಗೆ ತರಬೇತಿ ನಡೆಯುತ್ತಿತ್ತು. ಪರೀಕ್ಷೆ ಪಾಸಾಗದೆ ಯಾರೂ ಪಾಲಿಸಿ ಮಾಡಿಸುವ ಹಾಗಿಲ್ಲ. ನನ್ನ ಯಜಮಾನರು ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದರು, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ಬ್ಲೌಸ್ ಹೊಲಿಸಲು ಬರುವ ಹೆಂಗಸರ ಜೊತೆ ಮಾತಾಡಿ ಮಾತಾಡಿ ನನಗೆ ಮಾತು ಚೆನ್ನಾಗಿ ಬರುತ್ತದೆ ಎಂದು ಯಾರೋ ಹೊಗಳಿದ್ದೇ ತಡ, ನಾನೂ ಹೋಗಿ ಕೂತಿದ್ದೆ. ಕೆಳಗಿನಿಂದ ಪೇಂಟಿನ ವಾಸನೆ ಬಂದು ಬಂದು, ಮೊದಲ ದಿನ ವಿಮೆ ಎಂದರೇನು ಎಂದು ತಿಳಿಯುವ ಮೊದಲೇ ತಲೆನೋವು ಬಂತು.

ಮೇಷ್ಟ್ರು ಮೂಲೆಯ ಬೆಂಚಿನಲ್ಲಿ ಕೂತಿದ್ದರು. ಗಂಜಿ ಹಾಕಿದ ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು, ಹೆಗಲ ಮೇಲೆ ಟವಲ್ಲು, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. ಕೂದಲಿಗೆ ಹಚ್ಚಿದ ಕಪ್ಪು ಬಣ್ಣ ಕಿವಿಯ ಮೇಲೂ ಸ್ವಲ್ಪ ಉಳಿದಿತ್ತು. ವಯಸ್ಸು ಅರವತ್ತು ದಾಟಿದ್ದು ಯಾರಿಗಾದರೂ ಗೊತ್ತಾಗುತ್ತಿತ್ತು, ಅವರೊಬ್ಬರನ್ನು ಬಿಟ್ಟು. ಆಫೀಸರ್ ಪಾಠ ಮಾಡುತ್ತಿದ್ದರೆ ಅವರ ಬೆರಳುಗಳು ಬೆಂಚಿನ ಮೇಲೆ ಓಡಾಡುತ್ತಿದ್ದವು. ಕೇಳುವಾಗ ಅವರಿಗೆ ಕೈ ಸುಮ್ಮನಿಟ್ಟು ಅಭ್ಯಾಸವೇ ಇರಲಿಲ್ಲ.

ಪಾಠ ಮಾಡುತ್ತಿದ್ದ ಆಫೀಸರ್ ಮೈಸೂರಿನಿಂದ ಬರುತ್ತಿದ್ದ ಚಿಕ್ಕ ವಯಸ್ಸಿನವರು. ಒಳ್ಳೆಯವರೇ, ಆದರೆ ರೈಲು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಪುಸ್ತಕ ಓದಿಕೊಂಡು ಹೋಗುತ್ತಿದ್ದರು. ‘ವಿಮಾಯೋಗ್ಯ ಹಿತಾಸಕ್ತಿ’, ‘ಪರಮ ಸದ್ಭಾವನೆಯ ತತ್ವ’ ಎಂದೆಲ್ಲ ಅವರು ಓದುವಾಗ ನಾವು ಪೂಜೆಯಲ್ಲಿ ಮಂತ್ರ ಕೇಳುವವರಂತೆ ಕೂತಿರುತ್ತಿದ್ದೆವು. ಒಂದು ದಿನ ಉದಾಹರಣೆ ಕೊಡಲು ಹೋಗಿ, ಮುಂದಿನ ಸಾಲಿನಲ್ಲಿದ್ದ ಕಂಡಕ್ಟರನ್ನು ತೋರಿಸಿ, “ಈಗ ಇವರು ಸತ್ತುಹೋದರು ಅಂತ ಇಟ್ಕೊಳ್ಳಿ” ಎಂದುಬಿಟ್ಟರು. ಹೆಂಗಸರೆಲ್ಲ ಒಟ್ಟಿಗೆ “ಬಿಡ್ತು ಅನ್ನಿ ಸಾ, ಬಿಡ್ತು ಅನ್ನಿ” ಎಂದೆವು. ಆಫೀಸರ್‌ಗೆ ಅರ್ಥವಾಗಲಿಲ್ಲ. ಮೇಷ್ಟ್ರು ಎದ್ದು ನಿಂತು, ಕೈಮುಗಿದು ಹೇಳಿದರು: “ತಪ್ಪು ತಿಳ್ಕೋಬೇಡಿ ಸಾ. ಇಂಥ ಮಾತ ಕೂತಿರೋ ಮನುಷ್ಯನಿಗೆ ಏಳಬಾರ್ದು, ಪಾರ್ಟ್‌ಗೆ ಏಳಬೇಕು. ಅವ್ರಿಗೊಂದು ಪಾರ್ಟ್ ಕೊಡಿ, ಆಮೇಲೆ ಎಷ್ಟು ಸಲ ಬೇಕಾದ್ರೂ ಸಾಯ್ಸಿ.”

ಎಲ್ಲರೂ ನಕ್ಕರು. ಆಫೀಸರೂ ನಕ್ಕರು. ನಗುನಗುತ್ತಲೇ ತರಗತಿ ಮೇಷ್ಟ್ರ ಕೈಗೆ ಹೋಯಿತು.

ಮಾರನೆಯ ದಿನ ಊಟದ ಬಿಡುವಿನಲ್ಲಿ ಅವರು ಪಾರ್ಟು ಹಂಚಿದರು. ಕಂಡಕ್ಟರ್‌ಗೆ ವಿಮಾ ಕಂಪನಿಯ ಪಾರ್ಟು. “ಚಿಲ್ರೆ ಇಲ್ಲ, ಮುಂದಕ್ಕೋಗಿ ಅಂತ ಅಂದೂ ಅಂದೂ ನಿಮ್ಗೆ ಗಂಟ್ಲು ಪಳಗ್ಬಿಟ್ಟದೆ. ಕಂಪನಿ ನೀವೇ.” ಮೊಬೈಲ್ ರಿಪೇರಿ ಅಂಗಡಿಯವನೊಬ್ಬನಿಗೆ ಪಾಲಿಸಿ ಮಾಡಿಸುವವನ ಪಾರ್ಟು, ಅಂದರೆ ಕೊನೆಯಲ್ಲಿ ಸಾಯಬೇಕಾದವನು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ನೀವು ನಾಮಿನಿ ಕಣವ್ವ. ಅಳೋದೂ ಅಳಬೇಕು, ಲೆಕ್ಕಾನೂ ಕೇಳಬೇಕು. ಕಷ್ಟದ ಪಾರ್ಟು, ನಿಮ್ಗೇ ಸೈ” ಎಂದರು. ಪಾಲಿಸಿದಾರ ತೀರಿಕೊಂಡಾಗ ಹಣ ಯಾರ ಕೈಗೆ ಸೇರಬೇಕೆಂದು ಹೆಸರು ಬರೆಸಿರುತ್ತಾರಲ್ಲ, ಅವರೇ ನಾಮಿನಿ. ಅವತ್ತಿನಿಂದ ಅವರ ಬಾಯಲ್ಲಿ ನನಗೆ ಅದೇ ಹೆಸರಾಯಿತು.

ಏನು ಹೇಳಲಿ, ಮೇಷ್ಟ್ರು ಆ ಒಣ ಪುಸ್ತಕಕ್ಕೆ ಜೀವ ಕೊಟ್ಟರು. ಕಾಯಿಲೆಯನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಏನಾಗುತ್ತದೆ ಎಂಬುದನ್ನು ನಾವು ಮೊಬೈಲ್ ಅಂಗಡಿಯವನು ಮತ್ತು ಕಂಡಕ್ಟರ್ ಎದುರುಬದುರು ನಿಂತು ಜಗಳವಾಡಿದ್ದರಿಂದ ಕಲಿತೆವು. ಕಂಡಕ್ಟರ್ ಕಣ್ಣು ಕೆಂಪಗೆ ಮಾಡಿಕೊಂಡು, “ಸಕ್ಕರೆ ಕಾಯ್ಲೆ ಇದ್ದದ್ದು ಯಾಕೆ ಏಳ್ಲಿಲ್ಲ?” ಎಂದು ಗುಡುಗಿದರೆ ಕೆಳಗಿನ ಪೇಂಟ್ ಅಂಗಡಿಯವರು ಮೇಲೆ ಓಡಿಬಂದಿದ್ದರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು, ಸಾವಿನ ದಾಖಲೆ ಹಿಡಿದುಕೊಂಡು ಬಂದು, “ನನ್ನ ಗತಿ ಏನು?” ಎಂದು ಕೇಳಬೇಕು. ಮೇಷ್ಟ್ರು ಬೆಂಚನ್ನೇ ಹಾರ್ಮೋನಿಯಂ ಮಾಡಿಕೊಂಡು ಶ್ರುತಿ ಹಿಡಿಯುತ್ತಿದ್ದರು. ನನಗೆ ನಿಜವಾಗಿಯೂ ಅಳು ಬಂದುಬಿಡುತ್ತಿತ್ತು.

ಇಷ್ಟೆಲ್ಲ ಉತ್ಸಾಹ ಇರುವ ಈ ವಯಸ್ಸಾದವರಿಗೆ ಇನ್ಶೂರೆನ್ಸ್ ಪರೀಕ್ಷೆ ಯಾಕೆ ಬೇಕು ಎಂದು ನನಗೆ ಕುತೂಹಲ. ಒಂದು ಸಂಜೆ ನಾನು ಟಿ. ನರಸೀಪುರದಲ್ಲಿರುವ ನನ್ನ ತಂಗಿಯ ಮನೆಗೆ ಹೊರಟಿದ್ದೆ, ಅವರೂ ಅದೇ ಬಸ್ಸಿನಲ್ಲಿ ಸಿಕ್ಕಿದರು. ಅಲ್ಲಿಂದ ಬಸ್ಸು ಬದಲಿಸಿ ಅವರು ಊರು ಸೇರಬೇಕಿತ್ತು. ನಾನು ಕೇಳಿಯೇಬಿಟ್ಟೆ.

ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು. ದೊಡ್ಡ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಹಿರಿಯರೊಬ್ಬರು “ಹುಡುಗಿ ತಂದೆ ಏನ್ ಕೆಲ್ಸ ಮಾಡ್ಕೊಂಡವ್ರೆ?” ಎಂದು ಕೇಳಿದರಂತೆ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಅವರ ಸ್ವಂತ ಭಾವಮೈದ, “ಕೆಲ್ಸ ಏನಿಲ್ಲ, ಅಂಗೇ ನಾಟ್ಕ ಗೀಟ್ಕ ಅಂತ ತಿರುಗ್ತಾರೆ” ಎಂದು ಉತ್ತರ ಕೊಟ್ಟನಂತೆ. ಮದುವೆಗೇನೂ ತೊಂದರೆಯಾಗಲಿಲ್ಲ, ಆ ಮಗಳು ಸುಖವಾಗಿದ್ದಾಳೆ. “ಆದ್ರೆ ಆ ಮಾತು ನಂಗೆ ಇಲ್ಲಿ ಕೂತುಬಿಡ್ತು ಕಣವ್ವ” ಎಂದು ಎದೆ ಮುಟ್ಟಿ ತೋರಿಸಿದರು. “ಈಗ ಚಿಕ್ಕೋಳಿಗೆ ಒಂದು ಕಡೆಯಿಂದ ಕೇಳ್ಕೊಂಡ್ ಬಂದವ್ರೆ. ಆಸಾಡ ಕಳೀಲಿ, ಸ್ರಾವಣದಲ್ಲಿ ಮನೆಗ್ ಬತ್ತೀವಿ ಅಂದವ್ರೆ. ಅಷ್ಟ್ರಲ್ಲಿ ನಂಗೊಂದು ಲೈಸೆನ್ಸು ಬೇಕು. ಕೇಳ್ದಾಗ ಜೇಬಿಂದ ತಗ್ದು ತೋರ್ಸೋ ಅಂಗಿರಬೇಕು.”

ಕೊನೆಯ ಮಾತು ಹೇಳುವಾಗ ಅವರ ಕೈ ಆಗಲೇ ಜೇಬಿನ ಹತ್ತಿರ ಹೋಗಿತ್ತು. ಪರೀಕ್ಷೆ ನನಗೆ ಒಂದು ಅನುಕೂಲ, ಅವರಿಗೆ ಹಾಗಲ್ಲ ಎಂದು ಅವತ್ತು ಗೊತ್ತಾಯಿತು.

ಪರೀಕ್ಷೆ ಮೈಸೂರಿನಲ್ಲಿ, ಕಂಪ್ಯೂಟರಿನ ಮುಂದೆ. ಪ್ರಶ್ನೆ ಕನ್ನಡದಲ್ಲೇ ಬರುತ್ತದೆ, ಕೆಳಗೆ ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಒತ್ತಬೇಕು. ಮುಗಿದ ಕೂಡಲೇ ಪಾಸೋ ಫೇಲೋ ಪರದೆಯ ಮೇಲೆ ಬರುತ್ತದೆ. ನಾವೆಲ್ಲ ಹಣೆಗೆ ವಿಭೂತಿ ಕುಂಕುಮ ಹಚ್ಚಿಕೊಂಡು, ಒಳ್ಳೆ ಸೀರೆ ಶರ್ಟು ಹಾಕಿಕೊಂಡು ಗುಂಪಾಗಿ ಹೋದೆವು. ಗುಂಪಾಗಿಯೇ ಫೇಲಾದೆವು. ಒಬ್ಬರೂ ಉಳಿಯಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಾರಣ ಬಯಲಾಯಿತು. “ಕಂಪನಿ ಮೇಲೆ ಬಂದ ಪ್ರಶ್ನೆ ಒಂದೂ ಬಿಡ್ಲಿಲ್ಲ ಕಣ್ರೀ” ಎಂದರು ಕಂಡಕ್ಟರ್, “ಆದ್ರೆ ನಾಮಿನಿ ಸುದ್ದಿ ಬಂದ್ರೆ ಏನೇನೂ ಗೊತ್ತಾಗ್ಲಿಲ್ಲ. ಅದು ಇವ್ರ ಪಾರ್ಟಲ್ವಾ!” ನನ್ನ ಕಥೆಯೂ ಅದೇ. ನಾಮಿನಿಯ ಬಗ್ಗೆ ಕೇಳಿದ್ದೆಲ್ಲ ಹಲ್ಲುಜ್ಜಿದಷ್ಟು ಸುಲಭ, ಉಳಿದದ್ದೆಲ್ಲ ಕತ್ತಲೆ. ನಾಟಕದಲ್ಲಿ ಯಾರೂ ಇನ್ನೊಬ್ಬರ ಪಾರ್ಟು ಕಲಿಯುವುದಿಲ್ಲ. ತನ್ನ ಮಾತು, ಅದಕ್ಕೆ ಮುಂಚೆ ಬರುವ ಎದುರಿನವನ ಕೊನೆಯ ಮಾತು, ಅಷ್ಟು ಗೊತ್ತಿದ್ದರೆ ಸಾಕು. ನಾವು ಪರೀಕ್ಷೆಗೂ ಹಾಗೇ ತಯಾರಾಗಿದ್ದೆವು. ನಮ್ಮನ್ನೆಲ್ಲ ಒಟ್ಟಿಗೆ ಒಂದೇ ಕಂಪ್ಯೂಟರಿನ ಮುಂದೆ ಕೂರಿಸಿದ್ದರೆ ಡಿಸ್ಟಿಂಕ್ಷನ್ನಿನಲ್ಲಿ ಪಾಸಾಗುತ್ತಿದ್ದೆವು.

ಮೇಷ್ಟ್ರು ಬಸ್ಸಿನಲ್ಲಿ ತಲೆಯ ಮೇಲೆ ಟವಲ್ ಹಾಕಿಕೊಂಡು ಕೂತುಬಿಟ್ಟರು. “ಎಲ್ರನ್ನೂ ಮುಳುಗಿಸ್ಬಿಟ್ಟೆನಲ್ಲಪ್ಪ” ಎಂದು ಹಲುಬಿದರು. ಎಲ್ಲರೂ ಸೇರಿ ಅವರನ್ನು ಸಮಾಧಾನ ಮಾಡುವುದರಲ್ಲೇ ನಾವು ಫೇಲಾದ ದುಃಖ ಮರೆತುಹೋಯಿತು. ಆಫೀಸರ್ ಮಾತ್ರ ತಲೆ ಚಚ್ಚಿಕೊಂಡರಂತೆ.

ಮತ್ತೆ ತರಗತಿ ಶುರುವಾಯಿತು. ಈ ಸಲ ಮೇಷ್ಟ್ರು ದಿನಾ ಎಲ್ಲರ ಪಾರ್ಟೂ ಬದಲಿಸುತ್ತೇನೆ ಎಂದರು. ಅಲ್ಲಿ ಶುರುವಾಯಿತು ನೋಡಿ ಜಗಳ. ಕಂಡಕ್ಟರ್ ಕಂಪನಿ ಪಾರ್ಟು ಬಿಟ್ಟುಕೊಡಲು ಸುತರಾಂ ಒಪ್ಪಲಿಲ್ಲ. “ನಾನ್ ಎಂಗಸು ಪಾರ್ಟ್ ಮಾಡಲ್ಲ ಕಣ್ರೀ” ಎಂದು ಪಟ್ಟು ಹಿಡಿದರು. ನಾಮಿನಿ ಗಂಡಸೂ ಆಗಬಹುದು ಎಂದು ಪುಸ್ತಕ ತೆಗೆದು ತೋರಿಸಬೇಕಾಯಿತು. ನಾನೂ ಒಳಗೊಳಗೇ ಮುನಿಸಿಕೊಂಡೆ. ನನ್ನ ಪಾರ್ಟನ್ನು ಮೊಬೈಲ್ ಅಂಗಡಿಯವನು ಕಣ್ಣೀರೇ ಇಲ್ಲದೆ ಒದರಿದ್ದು ಕೇಳಿ ಮೈಯೆಲ್ಲ ಉರಿಯಿತು. ಮೇಷ್ಟ್ರಿಗೆ ಇದು ಹೊಸದಲ್ಲ, ಊರೂರಲ್ಲಿ ಇಂಥ ನೂರು ಜಗಳ ಬಿಡಿಸಿದವರು. ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಒಬ್ಬೊಬ್ಬರಿಗೂ ಕೊಟ್ಟು, “ಪರೀಕ್ಷೆ ಆದ್ಮೇಲೆ ನಿಮ್ ನಿಮ್ ಪಾರ್ಟು ನಿಮ್ಗೇ ವಾಪಸ್” ಎಂದು ಮಾತು ಕೊಟ್ಟರು.

ಎರಡನೆಯ ಸಲ ಎಲ್ಲರೂ ಪಾಸಾದೆವು. ಮೇಷ್ಟ್ರೊಬ್ಬರನ್ನು ಬಿಟ್ಟು.

ಅವರು ಹೊರಗೆ ಬಂದಾಗ ನಾವೆಲ್ಲ ಫುಟ್‌ಪಾತಿನಲ್ಲಿ ಕುಣಿಯುತ್ತಿದ್ದೆವು. ಅವರ ಮುಖ ನೋಡಿದ ಕೂಡಲೇ ಕುಣಿತ ನಿಂತುಹೋಯಿತು. ಅವರೇ ಮೊದಲು ಮಾತಾಡಿ, “ಎಲ್ಲಾರೂ ಗೆದ್ರಾ? ಕಂಪನಿಯೋರೂ ಗೆದ್ರಾ? ಭೇಷ್” ಎಂದು ಕಂಡಕ್ಟರ ಬೆನ್ನು ತಟ್ಟಿದರು. ಕಾಫಿ ಕೊಡಿಸುತ್ತೇನೆ ಎಂದು ಹೋಟೆಲಿಗೆ ಕರೆದುಕೊಂಡು ಹೋದವರೂ ಅವರೇ. ಅಲ್ಲಿ ಎಲ್ಲರ ಗಲಾಟೆಯ ನಡುವೆ ನಾನು ಮೆಲ್ಲಗೆ, “ನಿಮಗೆ ಬರದೇ ಇರೋ ಪ್ರಶ್ನೆ ಯಾವುದಿತ್ತು ಮೇಷ್ಟ್ರೇ?” ಎಂದೆ.

“ಬರ್ದೇ ಇರೋದಲ್ಲ ಕಣವ್ವ, ಟೈಮು ಸಾಲ್ದೇ ಓಯ್ತು” ಎಂದರು. “ಸುರೇಶ ಅನ್ನೋನೊಬ್ಬ. ಮದುವೆಗೆ ಮುಂಚೆ ಪಾಲಿಸಿ ಮಾಡ್ಸವ್ನೆ, ತಾಯೀನ ನಾಮಿನಿ ಮಾಡವ್ನೆ. ಆಮೇಲೆ ಮದುವೆ ಆಗವ್ನೆ, ಹೆಸ್ರು ಬದ್ಲಾಯ್ಸಿಲ್ಲ. ಈಗ ಅವ್ನು ಇಲ್ಲ. ದುಡ್ಡು ಯಾರಿಗೆ ಅಂತ ಕೇಳವ್ರೆ. ತಾಯಿಗೆ ಅಂತ ನಂಗೊತ್ತು, ನಾನೇ ನಿಮ್ಗೆ ಏಳ್ಕೊಟ್ಟಿಲ್ವಾ? ಆದ್ರೆ ಒತ್ತಕ್ಕೆ ಕೈ ಬರ್ಬೇಕಲ್ಲ. ಆ ಹೆಂಡ್ತಿ ಏನ್ ಮಾಡ್ತಾಳೆ? ಚಿಕ್ಕ ವಯಸ್ಸು. ಕಂಕುಳಲ್ಲಿ ಒಂದು ಮಗು ಇದ್ರೂ ಇರ್ಬಹುದು. ಅತ್ತೆ ಸೊಸೆ ಹೊಂದಾಣಿಕೆ ಹೆಂಗದೋ ಏನೋ, ಅದನ್ನ ಬರ್ದೇ ಇಲ್ಲ...”

ಅವರು ಹೇಳುತ್ತಿದ್ದ ಹಾಗೇ ಕಾಫಿ ತಣ್ಣಗಾಯಿತು. ಪರೀಕ್ಷೆಯ ಹೊತ್ತೆಲ್ಲ ಅವರು ಸುರೇಶನ ಮನೆಯಲ್ಲಿ ಕಳೆದುಬಂದಿದ್ದರು. ಬೇರೆ ಪ್ರಶ್ನೆಗಳಲ್ಲಿದ್ದ, ಬೆಂಕಿ ಬಿದ್ದ ಅಂಗಡಿಯ ರಾಜಣ್ಣನನ್ನೂ, ಕಂತು ಕಟ್ಟಲು ಮರೆತ ಮೇರಿಯನ್ನೂ ವಿಚಾರಿಸಿಕೊಂಡು ಬಂದಿದ್ದರು. ನಗಬೇಕೋ ಅಳಬೇಕೋ ಗೊತ್ತಾಗದೆ ನಾನು ಅವರ ಕಾಫಿಯನ್ನು ಬಿಸಿ ಮಾಡಿಸಿ ತಂದುಕೊಟ್ಟೆ.

ಆಷಾಢ ಆಗಲೇ ಅರ್ಧ ಕಳೆದಿತ್ತು. ಆಫೀಸರ್ ಇನ್ನೊಂದು ಸಲ ಕಳಿಸಲು ಒಪ್ಪಿದರು, ಆದರೆ ಮೇಷ್ಟ್ರಿಗೇ ಹೆದರಿಕೆ ಹತ್ತಿಬಿಟ್ಟಿತ್ತು. ನಾನು ತಂಗಿಯ ಮನೆಗೆ ಹೋದಾಗಲೆಲ್ಲ ಅವರು ನರಸೀಪುರದ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದರು. ಕಲ್ಲುಬೆಂಚಿನ ಮೇಲೆ ಕೂತು ನಾನು ಪ್ರಶ್ನೆ ಓದುವುದು, ಅವರು ಉತ್ತರ ಹೇಳುವುದು. ಹೇಳುವ ಬದಲು ಯೋಚನೆಗೆ ಬೀಳುವುದು. ಬೈದೆ, ಗದರಿದೆ, ಗಡಿಯಾರ ತೋರಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಒಂದು ದಿನ ನನಗೂ ರೇಗಿಹೋಗಿ ಕೂಗಿದೆ: “ಮೇಷ್ಟ್ರೇ, ಆ ಸುರೇಶ ಸತ್ತಿಲ್ಲ! ಅವನು ಸುರೇಶನೇ ಅಲ್ಲ. ಯಾರೋ ಆ ಪಾರ್ಟು ಮಾಡಿದಾನೆ. ನೀವು ಉತ್ತರ ಒತ್ತಿದ ತಕ್ಷಣ ಬಣ್ಣ ತೊಳ್ಕೊಂಡು ಮನೆಗೆ ಹೋಗಿ ಮುದ್ದೆ ಉಣ್ತಾನೆ. ಅವನ ಹೆಂಡ್ತೀನೂ ಅಷ್ಟೆ, ಮೀಸೆ ಬೋಳಿಸ್ಕೊಂಡಿರೋ ಗಂಡಸು!”

ಮೇಷ್ಟ್ರಿಗೆ ನಗು ಶುರುವಾಯಿತು. ಟವಲಿನಲ್ಲಿ ಕಣ್ಣು ಒರೆಸಿಕೊಂಡು, ಕೆಮ್ಮಿ, ಬಿಸಿನೀರು ಕುಡಿದು, ಮತ್ತೆ ನಕ್ಕರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. “ಇದ ನಂಗೆ ಮುಂಚೇನೇ ಏಳ್ಬಾರ್ದಾಗಿತ್ತಾ? ಓದಿ, ಓದಿ” ಎಂದರು. ಅವತ್ತು ನಾನು ಓದಿ ಮುಗಿಸುವ ಮೊದಲೇ ಉತ್ತರ ಬರುತ್ತಿತ್ತು.

ಆಷಾಢದ ಕೊನೆಯ ವಾರದಲ್ಲಿ ಅವರು ಪಾಸಾದರು. ನಾನು ಜೊತೆಗೆ ಹೋಗಿದ್ದೆ. ಹೊರಗೆ ಬಂದವರೇ ನನ್ನ ತಲೆಯ ಮೇಲೆ ಕೈ ಇಟ್ಟರು.

ಆಮೇಲೆ ಅವರು ದೊಡ್ಡ ಏಜೆಂಟೇನೂ ಆಗಲಿಲ್ಲ. ಯಾರ ಮನೆಗೆ ಹೋದರೂ ಮೊದಲು “ಮನೇಲಿ ತಾಯಿ ಅವ್ರಾ?” ಎಂದು ಕೇಳುತ್ತಿದ್ದರು, ಮಜ್ಜಿಗೆ ಕುಡಿದು ಪದ್ಯ ಹೇಳಿ ಬರುತ್ತಿದ್ದರು, ಪಾಲಿಸಿ ವಿಷಯ ಎಷ್ಟೋ ಸಲ ಮರೆತೇಹೋಗುತ್ತಿತ್ತು. ಆದರೆ ಪೇಂಟ್ ಅಂಗಡಿಯ ಮಹಡಿಯಲ್ಲಿ ಹೊಸ ತಂಡ ಬಂದಾಗಲೆಲ್ಲ ಆಫೀಸರೇ ಅವರಿಗೆ ಫೋನ್ ಮಾಡಿ ಕರೆಸುತ್ತಿದ್ದರು. ಇವತ್ತಿಗೂ ನಾನು ಯಾರದಾದರೂ ಮನೆಯಲ್ಲಿ ಕೂತು ನಾಮಿನಿ ಯಾರು ಎಂದು ಕೇಳುವಾಗ, ಹೆಸರು ಬರೆಯುವ ಮೊದಲು ಆ ಮನೆಯ ಇನ್ನೊಬ್ಬ ಹೆಂಗಸಿನ ಮುಖವನ್ನೂ ಒಂದು ಸಲ ನೋಡುತ್ತೇನೆ. ಅದು ಅವರಿಂದ ಬಂದ ಅಭ್ಯಾಸ.

ನಾನು ಹೇಳಬೇಕೆಂದಿದ್ದು ಆ ವರ್ಷದ ಶ್ರಾವಣದ ವಿಷಯ. ಗಂಡಿನ ಕಡೆಯವರು ಬರುವ ದಿನ ಮೇಷ್ಟ್ರು ನನ್ನನ್ನೂ ಊರಿಗೆ ಕರೆಸಿದರು. “ಇನ್ಶೂರೆನ್ಸ್ ಕಡೆಯೋರು ಒಬ್ರು ಇದ್ರೆ ತೂಕ ಕಣವ್ವ” ಎಂದು ಹೇಳಿದ್ದರು. ಹೋಗಿ ನೋಡಿದರೆ ಮನೆಯಲ್ಲಿ ತಾಲೀಮೇ ನಡೆದುಹೋಗಿದೆ! ಬಂದವರನ್ನು ಹೆಂಡತಿ ಏನೆಂದು ಮಾತಾಡಿಸಬೇಕು, ಭಾವಮೈದ ಎಲ್ಲಿ ಕೂರಬೇಕು, ಅವನು ಬಾಯಿ ತೆರೆಯದಂತೆ ಅವನ ಬಾಯಿಗೆ ಯಾವಾಗ ಎಲೆ ಅಡಿಕೆ ಕೊಡಬೇಕು, ಎಲ್ಲ ಹೇಳಿಕೊಟ್ಟಿದ್ದರು. ನನಗೂ ಒಂದು ಮಾತು ಕೊಟ್ಟರು: “ಮೇಷ್ಟ್ರು ನಮ್ ಜೊತೆ ಇನ್ಶೂರೆನ್ಸಲ್ಲಿ ಅವ್ರೆ.” ಮಗಳಿಗೆ ಮಾತಿಲ್ಲ. ಕಾಫಿ ಕೊಟ್ಟು, ನಮಸ್ಕಾರ ಮಾಡಿ, ಒಳಗೆ ಹೋಗಬೇಕು, ಅಷ್ಟೆ.

ಬಂದವರು ಚಾಪೆಯ ಮೇಲೆ ಕೂತರು. ಮಳೆ ಬೆಳೆ, ಬಸ್ಸು, ನೆಂಟರಿಷ್ಟರ ಮಾತಾಯಿತು. ಹುಡುಗಿ ಕಾಫಿಯ ತಟ್ಟೆ ಹಿಡಿದು ಬಂದಳು. ಹುಡುಗನ ದೊಡ್ಡಪ್ಪ ಲೋಟ ಎತ್ತಿಕೊಳ್ಳುತ್ತಾ, ಎಲ್ಲರೂ ಕೇಳುವುದನ್ನೇ ಕೇಳಿದರು. “ಯಜಮಾನ್ರು ಏನ್ ಕೆಲ್ಸ ಮಾಡ್ಕೊಂಡವ್ರೆ?”

ಮೇಷ್ಟ್ರ ಕೈ ಜೇಬಿಗೆ ಹೋಯಿತು. ಏಜೆಂಟ್ ಕಾರ್ಡಿನ ತುದಿ ಹೊರಗೆ ಬಂತು. ನಾನು ನನ್ನ ಮಾತಿಗೆ ಗಂಟಲು ಸರಿಮಾಡಿಕೊಂಡೆ.

“ನಮ್ಮಪ್ಪ ನಾಟಕದ ಮೇಷ್ಟ್ರು” ಎಂದಳು ಹುಡುಗಿ.

ತಟ್ಟೆ ಹಿಡಿದುಕೊಂಡೇ, ತಲೆ ತಗ್ಗಿಸದೆ, ದೊಡ್ಡಪ್ಪನನ್ನು ನೇರವಾಗಿ ನೋಡಿಕೊಂಡು ಹೇಳಿದಳು. “ಈ ಸುತ್ತ ಅಪ್ಪ ಕಲಿಸ್ದೇ ಇರೋ ಊರಿಲ್ಲ. ಈಗ ಇನ್ಶೂರೆನ್ಸ್ ಪರೀಕ್ಷೇನೂ ಪಾಸ್ ಮಾಡವ್ರೆ.” ಭಾವಮೈದನ ಬಾಯಿ ಎಲೆ ಅಡಿಕೆಯ ಸಮೇತ ತೆರೆದುಕೊಂಡಿತು. ದೊಡ್ಡಪ್ಪ ಲೋಟ ಕೆಳಗಿಟ್ಟು, “ಓ, ಮೇಷ್ಟ್ರಾ ತಾವು” ಎಂದು ಮಡಚಿದ ಕಾಲು ಸರಿಮಾಡಿಕೊಂಡು ನೆಟ್ಟಗೆ ಕೂತರು. ಮಾತು ಅಲ್ಲಿಂದ ಮದುವೆಯ ದಿನದ ಕಡೆಗೆ ತಿರುಗಿತು.

ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಮೇಷ್ಟ್ರು ಕೂತ ಜಾಗದಲ್ಲಿ ಇರಲಿಲ್ಲ. ಹಿತ್ತಲಿಗೆ ಹೋದೆ. ನೀರಿನ ತೊಟ್ಟಿಯ ಹತ್ತಿರ ನನಗೆ ಬೆನ್ನು ಮಾಡಿ ನಿಂತಿದ್ದರು. ಕೈಯಲ್ಲಿ ಆ ಕಾರ್ಡು ಹಾಗೇ ಇತ್ತು. ನನ್ನ ಹೆಜ್ಜೆಯ ಸದ್ದಿಗೆ ತಿರುಗಿದರು. ಮುಖ ತೊಳೆದದ್ದೋ ಅತ್ತದ್ದೋ, ಕೆನ್ನೆಯೆಲ್ಲ ಒದ್ದೆಯಾಗಿತ್ತು.

“ನಾಮಿನಿಯವ್ವ,” ಎಂದರು, “ಆ ಮಾತ ನಾನ್ ಏಳ್ಕೊಟ್ಟಿದ್ದಲ್ಲ ಕಣವ್ವ.”